ತಪಾಸಣೆಯ ಖರ್ಚು ಯಾರ ಲೆಕ್ಕಕ್ಕೆ?

ಲಿಸ್ಪ್ ನಿಧಾನ ಎಂಬ ಮಾತಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಅದಕ್ಕೆ ಸಿಕ್ಕ ಮೊದಲ ಖಡಕ್ ಉತ್ತರಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. 1973ರಲ್ಲಿ ರಿಚರ್ಡ್ ಫೇಟ್‌ಮನ್ ಎಸಿಎಂ ಸಂಸ್ಥೆಯ ಸಿಗ್‌ಸ್ಯಾಮ್ ಬುಲೆಟಿನ್‌ನಲ್ಲಿ ಒಂದು ಸಂಪಾದಕೀಯಕ್ಕೆ ಪ್ರತಿಕ್ರಿಯೆ ಬರೆದರು. ಎಂಐಟಿಯ ಮ್ಯಾಕ್‌ಲಿಸ್ಪ್‌ಗೆ ಬಂದಿದ್ದ ಹೊಸ ಕಂಪೈಲರ್, ಪಿಡಿಪಿ-10 ಯಂತ್ರದಲ್ಲಿ, ಅಂಕಗಣಿತದ ಒಂದು ಪ್ರೋಗ್ರಾಮನ್ನು ಆ ಯಂತ್ರ ತಯಾರಿಸಿದ ಕಂಪನಿಯ ಫೋರ್ಟ್ರಾನ್ ಕಂಪೈಲರ್‌ಗಿಂತಲೂ ವೇಗವಾಗಿ ಓಡಿಸಿತ್ತು. ಅಂಕಿಗಳ ಕೆಲಸಕ್ಕೆಂದೇ ಹುಟ್ಟಿದ ಫೋರ್ಟ್ರಾನನ್ನು ಪಟ್ಟಿಗಳ ಭಾಷೆಯೊಂದು ಅದರ ಅಂಗಳದಲ್ಲೇ ಹಿಂದಿಕ್ಕಿತ್ತು.

ಆ ಗೆಲುವು ಪುಕ್ಕಟೆಯಾಗಿ ಬಂದದ್ದಲ್ಲ. ಅದರ ಬೆಲೆ ಏನು, ಅದನ್ನು ತೆತ್ತವರು ಯಾರು ಎಂದು ಕೇಳುತ್ತಾ ಹೋದರೆ ಲಿಸ್ಪ್ ಕಂಪೈಲರ್‌ಗಳ ಇತಿಹಾಸದ ಬಹುಪಾಲು ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ತೊಡಕು ಎಲ್ಲಿದೆ ನೋಡೋಣ. ಸಿ ಭಾಷೆಯಲ್ಲಿ ಎರಡು ಪೂರ್ಣಾಂಕ ಕೂಡಿಸಿ ಎಂದರೆ ಕಂಪೈಲರ್ ಒಂದೇ ಒಂದು ಯಂತ್ರ ಆದೇಶ ಬರೆದು ಸುಮ್ಮನಾಗುತ್ತದೆ. ಲಿಸ್ಪ್‌ನಲ್ಲಿ ಎ ಮತ್ತು ಬಿ ಎಂಬ ಹೆಸರುಗಳ ಹಿಂದೆ ಏನಿದೆ ಎಂಬುದು ಪ್ರೋಗ್ರಾಂ ಓಡುವವರೆಗೂ ಗೊತ್ತಿಲ್ಲ. ಪುಟ್ಟ ಪೂರ್ಣಾಂಕವಿರಬಹುದು, ನೂರು ಅಂಕೆಗಳ ದೈತ್ಯ ಸಂಖ್ಯೆಯಿರಬಹುದು, ಭಿನ್ನರಾಶಿಯಿರಬಹುದು, ಯಾರದೋ ತಪ್ಪಿನಿಂದ ಒಂದು ಪಟ್ಟಿಯೇ ಬಂದು ಕೂತಿರಬಹುದು. ಅದಕ್ಕಾಗಿ ಪ್ರತಿ ಮೌಲ್ಯದ ಕೆಳಗಿನ ಕೆಲವು ಬಿಟ್‌ಗಳಲ್ಲಿ ಅದರ ಜಾತಿ ಯಾವುದೆಂದು ಬರೆದಿರುತ್ತದೆ. ಇದಕ್ಕೆ ಟ್ಯಾಗ್ ಎನ್ನುತ್ತಾರೆ. ಕೂಡುವ ಮುಂಚೆ ಎರಡೂ ಟ್ಯಾಗ್ ನೋಡಬೇಕು. ಕೂಡಿದ ಮೇಲೆ ಉತ್ತರ ಯಂತ್ರಪದದೊಳಗೆ ಹಿಡಿಸಿತೇ ಎಂದು ನೋಡಬೇಕು. ಹಿಡಿಸದಿದ್ದರೆ ಮೆಮೊರಿಯಲ್ಲಿ ಜಾಗ ಮಾಡಿ ದೊಡ್ಡ ಸಂಖ್ಯೆಯೊಂದನ್ನು ಕಟ್ಟಬೇಕು. ಇಂದು 64 ಬಿಟ್ ಯಂತ್ರದ ಮೇಲೆ ಎಸ್‌ಬಿಸಿಎಲ್ ಎಂಬ ಜನಪ್ರಿಯ ಲಿಸ್ಪ್‌ನಲ್ಲಿ ಟ್ಯಾಗ್ ಸಮೇತ ಒಂದೇ ಪದದಲ್ಲಿ ಕೂರುವ ಅತಿ ದೊಡ್ಡ ಪೂರ್ಣಾಂಕ 4611686018427387903. ಅದಕ್ಕೆ ಒಂದು ಕೂಡಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ, ಸ್ವಲ್ಪ ನಿಧಾನವಾಗಿ. ಸಿ ಭಾಷೆಯಲ್ಲಿ ಚಿಹ್ನೆಯುಳ್ಳ ಪೂರ್ಣಾಂಕ ಹೀಗೆ ಮಿತಿ ಮೀರಿದರೆ ಏನಾಗಬೇಕು ಎಂಬುದಕ್ಕೆ ಭಾಷೆಯ ನಿಯಮದಲ್ಲಿ ಉತ್ತರವೇ ಇಲ್ಲ.

ದಶಮಾಂಶ ಸಂಖ್ಯೆಗಳ ಪಾಡು ಇನ್ನೂ ಕಷ್ಟ. 64 ಬಿಟ್‌ಗಳ ಡಬಲ್ ಫ್ಲೋಟ್‌ನಲ್ಲಿ ಟ್ಯಾಗ್‌ಗೆ ಎಡೆಯೇ ಇಲ್ಲ. ಹಾಗಾಗಿ ಅದನ್ನು ಮೆಮೊರಿಯಲ್ಲಿಟ್ಟು ಅದರ ವಿಳಾಸವನ್ನಷ್ಟೇ ಕೈಯಿಂದ ಕೈಗೆ ದಾಟಿಸುತ್ತಾರೆ. ಲಕ್ಷ ಸಲ ಸುತ್ತುವ ಲೂಪ್‌ನಲ್ಲಿ ಲಕ್ಷ ಪುಟ್ಟ ಪೆಟ್ಟಿಗೆಗಳು ಹುಟ್ಟುತ್ತವೆ, ಗಾರ್ಬೇಜ್ ಕಲೆಕ್ಟರ್ ಬಂದು ಅವನ್ನೆಲ್ಲ ಗುಡಿಸಬೇಕಾಗುತ್ತದೆ.

ಮ್ಯಾಕ್‌ಲಿಸ್ಪ್ ಈ ಖರ್ಚನ್ನು ಪ್ರೋಗ್ರಾಮರ್‌ನ ಲೆಕ್ಕಕ್ಕೆ ಬರೆಯಿತು. ಇದು ಪೂರ್ಣಾಂಕ, ಇದು ದಶಮಾಂಶ ಎಂದು ಆತ ಘೋಷಿಸಬೇಕು. ಕಂಪೈಲರ್ ಆ ಮಾತನ್ನು ಕಣ್ಣುಮುಚ್ಚಿ ನಂಬಿ, ತಪಾಸಣೆ ಕೈಬಿಟ್ಟು, ಫೋರ್ಟ್ರಾನ್ ಮಾದರಿಯ ಆದೇಶಗಳನ್ನೇ ಬರೆಯುತ್ತದೆ. ತಾತ್ಕಾಲಿಕ ಸಂಖ್ಯೆಗಳನ್ನು ಸ್ಟ್ಯಾಕ್‌ನ ಮೇಲೆಯೇ ಇಟ್ಟು ಗುಡಿಸುವ ಕೆಲಸ ಉಳಿಸುವ ಉಪಾಯವೂ ಅದರಲ್ಲಿತ್ತು. ಗೈ ಸ್ಟೀಲ್ 1977ರ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದ್ದಾರೆ. ಈ ವೇಗಕ್ಕಾಗಿ ಕಾದಿದ್ದದ್ದು ಮ್ಯಾಕ್‌ಸಿಮಾ ಎಂಬ ಬೀಜಗಣಿತ ವ್ಯವಸ್ಥೆ. ಘೋಷಣೆ ನಿಜವಾಗಿರುವಷ್ಟು ಕಾಲ ಎಲ್ಲ ಸುಗಮ. ಸುಳ್ಳಾದ ದಿನ ಯಂತ್ರ ಯಾವುದೋ ವಿಳಾಸವನ್ನು ಸಂಖ್ಯೆಯೆಂದು ಬಗೆದು ಕೂಡಿಸಿಬಿಡುತ್ತಿತ್ತು, ಯಾರಿಗೂ ಹೇಳದೆ.

ಎಂಐಟಿಯವರೇ ಇನ್ನೊಂದು ದಾರಿಯನ್ನೂ ಹಿಡಿದರು. ಖರ್ಚನ್ನು ಯಂತ್ರದ ಲೆಕ್ಕಕ್ಕೆ ಬರೆದರೆ ಹೇಗೆ? ಎಪ್ಪತ್ತರ ದಶಕದಲ್ಲಿ ಅಲ್ಲಿ ರೂಪುಗೊಂಡ ಲಿಸ್ಪ್ ಮಷೀನ್‌ಗಳು ಲಿಸ್ಪ್‌ಗೆಂದೇ ಕಟ್ಟಿದ ಕಂಪ್ಯೂಟರ್‌ಗಳು. ಅವುಗಳ ವಾಣಿಜ್ಯ ಉತ್ತರಾಧಿಕಾರಿಗಳಲ್ಲಿ ಮುಖ್ಯವಾದ ಸಿಂಬಾಲಿಕ್ಸ್ 3600ರಲ್ಲಿ ಪದವೊಂದಕ್ಕೆ 36 ಬಿಟ್, ಅದರಲ್ಲಿ ಒಂದಿಷ್ಟು ಟ್ಯಾಗ್‌ಗೇ ಮೀಸಲು. ಕೂಡುವ ಸರ್ಕ್ಯೂಟ್ ಕೂಡುತ್ತಿರುವಾಗಲೇ ಪಕ್ಕದ ಸರ್ಕ್ಯೂಟ್ ಟ್ಯಾಗ್ ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ತಪಾಸಣೆಗೆ ಪ್ರತ್ಯೇಕ ಸಮಯವೇ ಬೇಡ. ತಪ್ಪಿದ್ದರೆ ಯಂತ್ರ ತಕ್ಷಣ ನಿಲ್ಲುತ್ತದೆ. ಅರೇ ಅಂಚು ದಾಟಿತೇ, ಪಟ್ಟಿಯಲ್ಲದ್ದರ ತಲೆ ಕೇಳಿದರೇ ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ವೇಗವೋ ಸುರಕ್ಷತೆಯೋ ಎಂಬ ಪ್ರಶ್ನೆ ಅಲ್ಲಿನ ಪ್ರೋಗ್ರಾಮರ್‌ಗಳಿಗೆ ಏಳಲೇ ಇಲ್ಲ. (ಅಂತರ್ಜಾಲದ ಮೊಟ್ಟಮೊದಲ ಡಾಟ್ ಕಾಂ ವಿಳಾಸ 1985ರ ಮಾರ್ಚ್ 15ರಂದು ನೋಂದಣಿಯಾದದ್ದು ಇದೇ ಸಿಂಬಾಲಿಕ್ಸ್ ಹೆಸರಿನಲ್ಲಿ. ಕಂಪನಿಗಿಂತ ವಿಳಾಸವೇ ಹೆಚ್ಚು ಬಾಳಿತು.)

ಈ ಯಂತ್ರಗಳು ಸೋತದ್ದು ಬೆಲೆಯಲ್ಲಿ. ಎಂಬತ್ತರ ದಶಕದ ಕೊನೆಗೆ ಸಾಮಾನ್ಯ ಪ್ರೊಸೆಸರ್‌ಗಳು ಎಷ್ಟು ಅಗ್ಗವೂ ಚುರುಕೂ ಆದವೆಂದರೆ, ಟ್ಯಾಗ್ ಪರೀಕ್ಷೆಯನ್ನು ಸಾಫ್ಟ್‌ವೇರ್‌ನಲ್ಲೇ ಮಾಡಿಕೊಂಡರೂ ಅವು ವಿಶೇಷ ಯಂತ್ರಗಳಿಗೆ ಸಮನಾಗಿ ಓಡಿದವು. 1987ರಲ್ಲಿ ಪೀಟರ್ ಸ್ಟೀನ್‌ಕಿಸ್ಟ್ ಮತ್ತು ಜಾನ್ ಹೆನೆಸ್ಸಿ ಲಿಸ್ಪ್‌ನ ಟ್ಯಾಗ್ ಕೆಲಸಕ್ಕೆ ಎಷ್ಟು ಹಾರ್ಡ್‌ವೇರ್ ಬೇಕು, ಎಷ್ಟನ್ನು ಸಾಫ್ಟ್‌ವೇರ್‌ಗೆ ಬಿಡಬಹುದು ಎಂದು ಅಳೆದು ಪ್ರಬಂಧ ಬರೆದರು. ಪೂರ್ತಿ ವಿಶೇಷ ಯಂತ್ರ ಬೇಡ, ಒಂದೆರಡು ಸಣ್ಣ ಸವಲತ್ತು ಸಾಕು ಎಂಬ ಕಡೆಗೆ ಆ ಕಾಲದ ಗಾಳಿ ಬೀಸುತ್ತಿತ್ತು. ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್‌ನಲ್ಲಿ ಟ್ಯಾಗ್ ಸಹಿತ ಕೂಡುವ ಆದೇಶವೊಂದು ಕಂಡುಬಂದದ್ದು ಹೀಗೆ.

ಅಷ್ಟರಲ್ಲಿ ಛಿದ್ರವಾಗಿದ್ದ ಲಿಸ್ಪ್‌ಗಳು ಕಾಮನ್ ಲಿಸ್ಪ್ ಎಂಬ ಒಂದೇ ಛತ್ರದಡಿ ಬಂದಿದ್ದವು. ಗೈ ಸ್ಟೀಲ್‌ರ ಪುಸ್ತಕ 1984ರಲ್ಲಿ ಬಂತು, ಆನ್ಸಿ ಮಾನಕ 1994ರಲ್ಲಿ. ವೇಗ ಮತ್ತು ಸುರಕ್ಷತೆಯ ಜಗಳವನ್ನು ಮಾನಕ ಬಗೆಹರಿಸಲಿಲ್ಲ; ತಿರುಪುಗಳನ್ನು ಕೊಟ್ಟು ಕೈತೊಳೆದುಕೊಂಡಿತು. ಸ್ಪೀಡ್, ಸೇಫ್ಟಿ, ಸ್ಪೇಸ್, ಡೀಬಗ್, ಕಂಪೈಲೇಷನ್-ಸ್ಪೀಡ್ ಎಂಬ ಐದು ಗುಣಗಳಿಗೆ 0ಯಿಂದ 3ರವರೆಗೆ ಅಂಕ ಕೊಡಬಹುದು. ಇದನ್ನು ಇಡೀ ಕಡತಕ್ಕೆ ಹೇಳಬಹುದು, ಒಂದೇ ಫಂಕ್ಷನ್‌ಗೆ ಹೇಳಬಹುದು, ಫಂಕ್ಷನ್‌ನೊಳಗಿನ ನಾಲ್ಕು ಸಾಲಿಗಷ್ಟೇ ಹೇಳಬಹುದು. ಕೇಳಲು ಸೊಗಸು. ಆದರೆ ಸೇಫ್ಟಿ 1ಕ್ಕೂ 2ಕ್ಕೂ ಇರುವ ವ್ಯತ್ಯಾಸವೇನು ಎಂಬುದನ್ನು ಮಾನಕ ಆಯಾ ಕಂಪೈಲರ್ ಬರೆಯುವವರಿಗೆ ಬಿಟ್ಟಿದೆ. ತಪ್ಪು ನಡೆದರೆ ದೂರು ಬರಲೇಬೇಕು ಎಂದು ಮಾನಕ ಹೇಳುವ ಎಷ್ಟೋ ಜಾಗಗಳಲ್ಲಿ ಆ ಖಾತರಿ ಇರುವುದು ಸೇಫ್ಟಿ 3ರಲ್ಲಿ ಕಂಪೈಲ್ ಆದ ಕೋಡ್‌ಗೆ ಮಾತ್ರ.

ಇನ್ನೊಂದು ಸಣ್ಣ ಕಂಟಕವೂ ಉಂಟು. ಕಡತದ ತಲೆಯಲ್ಲಿ ಬರೆದ ಇಂಥ ಸೂಚನೆ ಆ ಕಡತ ಮುಗಿದ ಮೇಲೂ ಜಾರಿಯಲ್ಲಿರುತ್ತದೋ ಇಲ್ಲವೋ ಎಂಬುದನ್ನೂ ಮಾನಕ ನಿರ್ದಿಷ್ಟವಾಗಿ ಹೇಳಿಲ್ಲ. ಹಾಗಾಗಿ ಯಾರೋ ಬರೆದ ಲೈಬ್ರರಿಯ ಮೊದಲ ಸಾಲಿನಲ್ಲಿ ಸೇಫ್ಟಿ 0 ಎಂದಿದ್ದರೆ, ಕೆಲವು ಲಿಸ್ಪ್‌ಗಳಲ್ಲಿ ಅದರ ನಂತರ ಕಂಪೈಲ್ ಆಗುವ ನಿಮ್ಮ ಕೋಡ್ ಕೂಡ ಕಾವಲು ಕಳೆದುಕೊಳ್ಳುತ್ತದೆ. ಎಸ್‌ಬಿಸಿಎಲ್ ಪ್ರತಿ ಕಡತ ಮುಗಿದೊಡನೆ ಹಳೆಯ ಸ್ಥಿತಿಗೆ ಮರಳುತ್ತದೆ; ಬುದ್ಧಿವಂತ ನಿರ್ಧಾರ.

ಈ ಕಥೆಯಲ್ಲಿ ನಿಜವಾದ ತಿರುವು ಕಂಡದ್ದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಿಎಂಯು ಕಾಮನ್ ಲಿಸ್ಪ್‌ಗೆ ರಾಬ್ ಮ್ಯಾಕ್‌ಲಾಕ್ಲನ್ ಬರೆದ ಕಂಪೈಲರ್‌ನ ಹೆಸರು ಪೈಥಾನ್ (ಇಂದು ಎಲ್ಲರೂ ಬಲ್ಲ ಪೈಥಾನ್ ಭಾಷೆಗೂ ಅದಕ್ಕೂ ಸಂಬಂಧವಿಲ್ಲ). 1992ರಲ್ಲಿ ಅವರು ವಿವರಿಸಿದ ಮುಖ್ಯ ತತ್ವ ಇದು: ಪ್ರೋಗ್ರಾಮರ್ ಘೋಷಿಸಿದ್ದನ್ನು ನಂಬಬೇಡ, ಪರೀಕ್ಷಿಸು. ಎಕ್ಸ್ ಒಂದು ಪುಟ್ಟ ಪೂರ್ಣಾಂಕ ಎಂದು ಆತ ಬರೆದರೆ, ಫಂಕ್ಷನ್‌ನ ಬಾಗಿಲಲ್ಲೇ ಒಮ್ಮೆ ಪರೀಕ್ಷೆ. ಒಳಗೆ ಹೋದ ಮೇಲೆ ಅದು ಸಾಬೀತಾದ ಸಂಗತಿ, ಮತ್ತೆ ಮತ್ತೆ ಕೇಳಬೇಕಿಲ್ಲ. ಅಲ್ಲಿಂದ ಕಂಪೈಲರ್ ತರ್ಕ ಬೆಳೆಸುತ್ತದೆ: ಐ ಸೊನ್ನೆಯಿಂದ ಶುರುವಾಗಿ ಅರೇ ಉದ್ದಕ್ಕಿಂತ ಕೆಳಗೆ ಇರುವುದಾದರೆ ಅಂಚಿನ ತಪಾಸಣೆ ಬೇಡ, ಎರಡು ಸಣ್ಣ ಸಂಖ್ಯೆಗಳ ಮೊತ್ತ ಯಂತ್ರಪದದೊಳಗೆ ಹಿಡಿಸುವುದು ಖಚಿತವಾದರೆ ಉಕ್ಕಿ ಹರಿಯುವ ಪರೀಕ್ಷೆ ಬೇಡ. ಮ್ಯಾಕ್‌ಲಿಸ್ಪ್‌ನಲ್ಲಿ ಘೋಷಣೆ ಸುರಕ್ಷತೆಯನ್ನು ತೆಗೆದುಹಾಕುತ್ತಿತ್ತು. ಇಲ್ಲಿ ಅದೇ ಘೋಷಣೆ ಸುರಕ್ಷತೆಯನ್ನೂ ವೇಗವನ್ನೂ ಒಟ್ಟಿಗೆ ತಂದಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಫಲವತ್ತಾದ ಯೋಚನೆ ಇನ್ನೊಂದಿಲ್ಲ ಎಂದರೆ ಅತಿಶಯವಾಗದು.

1999ರ ಡಿಸೆಂಬರ್‌ನಲ್ಲಿ ವಿಲಿಯಂ ನ್ಯೂಮನ್ ಇದೇ ಕೋಡ್‌ನಿಂದ ಕವಲೊಡೆಸಿದ್ದು ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್, ಅಂದರೆ ಎಸ್‌ಬಿಸಿಎಲ್. ಕಾರ್ನೆಗಿ ಉಕ್ಕಿನಿಂದ, ಮೆಲನ್ ಬ್ಯಾಂಕಿನಿಂದ ದುಡ್ಡು ಮಾಡಿದವರು. ಹೆಸರಿನ ಗುಟ್ಟು ಅಷ್ಟೇ. ಅದರಲ್ಲಿ ಸೇಫ್ಟಿ ಮೊದಲಿನಿಂದಲೇ 1. ಅಲ್ಲಿ ಘೋಷಣೆಗಳೆಲ್ಲ ಪರೀಕ್ಷೆಗೊಳಗಾಗುತ್ತವೆ. ಸ್ಪೀಡನ್ನು ಸೇಫ್ಟಿಗಿಂತ ಮೇಲಿಟ್ಟರೆ ಪರೀಕ್ಷೆ ಸ್ವಲ್ಪ ಸಡಿಲವಾಗುತ್ತದೆ: ಸಂಕೀರ್ಣ ವ್ಯಾಪ್ತಿಯೊಂದರ ಬದಲು ಅದನ್ನು ಒಳಗೊಳ್ಳುವ ಸರಳ ವ್ಯಾಪ್ತಿಯನ್ನಷ್ಟೇ ನೋಡಬಹುದು. ಸೇಫ್ಟಿ 0 ಎಂದರೆ ಮಾತ್ರ ಮ್ಯಾಕ್‌ಲಿಸ್ಪ್ ಕಾಲಕ್ಕೆ ವಾಪಸ್: ವಿಧದ ಪರೀಕ್ಷೆಯಿಲ್ಲ, ಅರೇ ಅಂಚಿನ ಪರೀಕ್ಷೆಯಿಲ್ಲ, ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಬಂದವು ಎಂಬ ಎಣಿಕೆಯೂ ಇಲ್ಲ.

ಆ ಸ್ಥಿತಿಯಲ್ಲಿ ತಪ್ಪು ನಡೆದರೆ ಏನಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಹತ್ತು ಮನೆಗಳ ಅರೇಯಲ್ಲಿ ಹನ್ನೊಂದನೆಯದಕ್ಕೆ ಬರೆದಿರೆನ್ನಿ. ಪ್ರೋಗ್ರಾಂ ಅಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿದ್ದ ಯಾವುದೋ ವಸ್ತುವಿನ ತಲೆಬರಹ ಹಾಳಾಗಿರುತ್ತದೆ, ಅಷ್ಟೇ. ನಿಮಿಷಗಳ ನಂತರ ಗಾರ್ಬೇಜ್ ಕಲೆಕ್ಟರ್ ಮೆಮೊರಿಯನ್ನೆಲ್ಲ ನಡೆದು ನೋಡುವಾಗ ಆ ಹಾಳು ತಲೆಬರಹಕ್ಕೆ ಎಡವಿ ಇಡೀ ವ್ಯವಸ್ಥೆ ಕುಸಿಯುತ್ತದೆ. ದೋಷ ಮಾಡಿದ ಸಾಲಿಗೂ ಸತ್ತ ಜಾಗಕ್ಕೂ ನಂಟೇ ಕಾಣದು. ಸಿ ಪ್ರೋಗ್ರಾಮರ್‌ಗಳು ಇಂಥ ದೋಷದ ಬೆನ್ನುಹತ್ತಿ ರಾತ್ರಿ ಕಳೆದವರೇ. ಲಿಸ್ಪ್‌ನವರಿಗೆ ಇದು ಇನ್ನೂ ದುಬಾರಿ, ಏಕೆಂದರೆ ಚಾಲ್ತಿಯಲ್ಲಿರುವ ಪ್ರೋಗ್ರಾಮನ್ನೇ ನಿಲ್ಲಿಸದೆ ತಿದ್ದುತ್ತಾ ದಿನಗಟ್ಟಲೆ ಕೆಲಸ ಮಾಡುವುದು ಅವರ ರೂಢಿ. ಒಂದು ಕುಸಿತಕ್ಕೆ ಆ ಸ್ಥಿತಿಯೆಲ್ಲ ಹೋಗುತ್ತದೆ.

ಹಾಗಾದರೆ ಸೇಫ್ಟಿ 0ಯಿಂದ ಸಿಗುವುದೇನು? ಪ್ಯಾರಿಸ್‌ನ ಎಪಿಟಾ ಸಂಸ್ಥೆಯ ಡಿಡಿಯೆ ವರ್ನಾ 2006ರಲ್ಲಿ ಚಿತ್ರ ಸಂಸ್ಕರಣೆಯ ಸರಳ ಲೆಕ್ಕಗಳನ್ನು ಸಿ ಮತ್ತು ಲಿಸ್ಪ್ ಎರಡರಲ್ಲೂ ಬರೆದು ಹೋಲಿಸಿದರು. ವಿಧಗಳನ್ನು ಸರಿಯಾಗಿ ಘೋಷಿಸಿ, ತಪಾಸಣೆ ತೆಗೆದ ಲಿಸ್ಪ್ ಕೋಡ್ ಸಿ ಜೊತೆಗೆ ಭುಜಕ್ಕೆ ಭುಜ ಕೊಟ್ಟು ಓಡಿತು, ಕೆಲವೆಡೆ ತುಸು ಮುಂದೆಯೂ. ಘೋಷಣೆಯಿಲ್ಲದ ಲಿಸ್ಪ್ ಬಹಳ ಹಿಂದೆ ಬಿತ್ತು. ಇಂಥ ಹೋಲಿಕೆಗಳನ್ನು ಓದುವಾಗ ಒಂದು ಎಚ್ಚರ ಬೇಕು: ಲಾಭದಲ್ಲಿ ಘೋಷಣೆಯ ಪಾಲೆಷ್ಟು, ತಪಾಸಣೆ ತೆಗೆದದ್ದರ ಪಾಲೆಷ್ಟು ಎಂದು ಬೇರ್ಪಡಿಸಬೇಕು. ದಶಮಾಂಶ ಸಂಖ್ಯೆಗಳು ಪೆಟ್ಟಿಗೆಯಿಂದ ಹೊರಬಂದು ನೇರ ರಿಜಿಸ್ಟರ್‌ಗಳಲ್ಲಿ ಕೂರುವುದೇ ದೊಡ್ಡ ಜಿಗಿತ, ಮತ್ತು ಅದು ಘೋಷಣೆಯ ಫಲ. ಕಾವಲು ತೆಗೆಯುವುದರಿಂದ ಸಿಗುವುದು ಅದರ ಮೇಲಿನ ಚಿಲ್ಲರೆ. ಬಿಗಿಯಾದ ಒಳ ಲೂಪ್‌ನಲ್ಲಿ ಆ ಚಿಲ್ಲರೆಯೂ ಮುಖ್ಯವಾಗಬಹುದು, ಉಳಿದೆಡೆ ಲೆಕ್ಕಕ್ಕೇ ಬರುವುದಿಲ್ಲ.

ಸುಳ್ಳು ಹೇಳದೆ ವೇಗ ಗಳಿಸುವ ದಾರಿಗಳೂ ಇವೆ. ಹ್ಯಾಷ್ ಮತ್ತು ಗೂಢಲಿಪಿ ಲೆಕ್ಕಗಳಲ್ಲಿ ಮೊತ್ತದ ಕೆಳಗಿನ 64 ಬಿಟ್ ಮಾತ್ರ ಬೇಕು. ಅದನ್ನೇ ಕೋಡ್‌ನಲ್ಲಿ ಸ್ಪಷ್ಟವಾಗಿ ಬರೆದರೆ ಎಸ್‌ಬಿಸಿಎಲ್ ಯಾವ ಪರೀಕ್ಷೆಯೂ ಇಲ್ಲದ ಯಂತ್ರ ಆದೇಶವನ್ನೇ ಕೊಡುತ್ತದೆ, ಸೇಫ್ಟಿ ಎಷ್ಟೇ ಇರಲಿ. ಇನ್ನು ಸ್ಪೀಡ್ 3 ಎಂದೊಡನೆ ಕಂಪೈಲರ್ ಗೊಣಗಲು ಶುರುಮಾಡುತ್ತದೆ: ಇಲ್ಲಿ ವಿಧ ಗೊತ್ತಿಲ್ಲ, ಅಲ್ಲಿ ದಶಮಾಂಶವನ್ನು ಪೆಟ್ಟಿಗೆಗೆ ಹಾಕಬೇಕಾಯಿತು, ವೆಚ್ಚ 13. ಹೊಸಬರಿಗೆ ಇದು ಕಿರಿಕಿರಿ. ಪಳಗಿದವರು ಈ ಗೊಣಗಾಟವನ್ನು ಒಂದೊಂದಾಗಿ ಓದಿ, ಘೋಷಣೆ ಸೇರಿಸುತ್ತಾ, ಸೇಫ್ಟಿ ಮುಟ್ಟದೆಯೇ ಬೇಕಾದ ವೇಗ ತಲುಪುತ್ತಾರೆ. ಅವರು ಕಲಿಯುವ ಮೊದಲ ಪಾಠ, ಕೂಡುವ ಎರಡು ಸಂಖ್ಯೆಗಳ ವಿಧ ಹೇಳಿದರೆ ಸಾಲದು, ಮೊತ್ತದ್ದೂ ಹೇಳಬೇಕು ಎಂಬುದು. ಪುಟ್ಟ ಸಂಖ್ಯೆಗಳೆರಡರ ಮೊತ್ತ ಪುಟ್ಟದೇ ಆಗಿರಬೇಕೆಂದಿಲ್ಲವಲ್ಲ.

ತಪಾಸಣೆ ತೆಗೆಯುವ ಆಸೆ ಲಿಸ್ಪ್‌ಗೆ ಮಾತ್ರ ಸೀಮಿತವಲ್ಲ. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಟೋನಿ ಹೋರ್ ತಾವು ಹಿಂದೆ ರೂಪಿಸಿದ ಅಲ್ಗಾಲ್ ಕಂಪೈಲರ್‌ನ ನೆನಪು ಹೇಳಿದರು. ಅದು ಪ್ರತಿ ಅರೇ ಸೂಚ್ಯಂಕವನ್ನೂ ಓಡುವಾಗ ಪರೀಕ್ಷಿಸುತ್ತಿತ್ತು. ಬೇಕಿದ್ದರೆ ನಿಲ್ಲಿಸುವ ಸೌಲಭ್ಯ ಕೊಡೋಣವೇ ಎಂದು ಗ್ರಾಹಕರನ್ನು ಕೇಳಿದಾಗ, ಒಕ್ಕೊರಲಿನಿಂದ ಬೇಡ ಎಂದರಂತೆ. ಆ ತಪ್ಪುಗಳು ಎಷ್ಟು ಸಾಮಾನ್ಯ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಏರಿಯಾನ್ 5ರ ಪ್ರಕರಣ ಇದರ ಇನ್ನೊಂದು ಮುಖ. 1996ರ ಜೂನ್ 4ರಂದು ಆ ರಾಕೆಟ್ ಮೇಲೇರಿದ ಸುಮಾರು 40 ಸೆಕೆಂಡಿಗೆ ಚೂರಾಯಿತು. ಅಡಾ ಭಾಷೆಯ ಕೋಡ್‌ನಲ್ಲಿ 64 ಬಿಟ್‌ನ ದಶಮಾಂಶವೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಇಂಥ ಅಪಾಯವಿದ್ದ ಏಳು ಚರಾಂಶಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು, ಮೂರಕ್ಕೆ ಇರಲಿಲ್ಲ; ಪ್ರೊಸೆಸರ್ ಮೇಲಿನ ಹೊರೆ ಶೇಕಡ 80 ಮೀರಬಾರದು ಎಂಬ ಗುರಿಯೂ ಅದಕ್ಕೆ ಕಾರಣ ಎಂದು ತನಿಖಾ ವರದಿ ಹೇಳಿತು. ಗಮನಿಸಿ, ದೋಷ ಪತ್ತೆಯಾಗದೆ ಹೋಗಲಿಲ್ಲ. ಪತ್ತೆಯಾಯಿತು, ಆದರೆ ಅದನ್ನು ಎದುರುಗೊಂಡು ಏನು ಮಾಡಬೇಕೆಂದು ಬರೆದಿರಲಿಲ್ಲ. ಆ ಕೋಡ್ ಓಡಿಸುತ್ತಿದ್ದ ಘಟಕ ಸುಮ್ಮನೆ ತನ್ನನ್ನು ತಾನು ಮುಚ್ಚಿಕೊಂಡಿತು. ತಪಾಸಣೆ ಇದ್ದರಷ್ಟೇ ಸಾಲದು, ಅದು ಕೂಗಿದಾಗ ಓಗೊಡುವವರೂ ಬೇಕು. ಲಿಸ್ಪ್‌ನ ಕಂಡಿಷನ್ ವ್ಯವಸ್ಥೆಯ ಬಲ ಇರುವುದು ಇಲ್ಲೇ: ದೋಷ ಬಂದಾಗ ಪ್ರೋಗ್ರಾಂ ಸಾಯದೆ ಅಲ್ಲೇ ನಿಂತು ಮುಂದೇನು ಎಂದು ಕೇಳಬಲ್ಲದು.

1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆ, ಭೂಮಿಯಿಂದ ಹತ್ತಿರಹತ್ತಿರ 10 ಕೋಟಿ ಕಿಲೋಮೀಟರ್ ದೂರದಲ್ಲಿ, ರಿಮೋಟ್ ಏಜೆಂಟ್ ಎಂಬ ಲಿಸ್ಪ್ ಪ್ರೋಗ್ರಾಮಿನ ಹಿಡಿತದಲ್ಲಿತ್ತು. ನಡುವೆ ಪ್ರೋಗ್ರಾಂ ಸ್ತಬ್ಧವಾಯಿತು. ಎರಡು ಕಾರ್ಯಗಳು ಒಂದನ್ನೊಂದು ಕಾಯುತ್ತಾ ನಿಂತಿದ್ದವು. ಭೂಮಿಯ ಎಂಜಿನಿಯರ್‌ಗಳು ಓಡುತ್ತಿದ್ದ ವ್ಯವಸ್ಥೆಯನ್ನೇ ಇಣುಕಿ ಕಾರಣ ಹುಡುಕಿದರು. ಸೇಫ್ಟಿಯನ್ನು 3ಕ್ಕಿಟ್ಟರೂ ಇಂಥ ದೋಷ ಸಿಕ್ಕಿಬೀಳದು ಎಂಬುದನ್ನೂ ಹೇಳಬೇಕು; ಟ್ಯಾಗ್‌ಗಳ ಪರೀಕ್ಷೆಗೆ ಕಾಲದ ಎಡವಟ್ಟು ಕಾಣುವುದಿಲ್ಲ.

ವೇಗವೇ ಬದುಕಾದ ಕಡೆ ಲಿಸ್ಪ್‌ನವರು ಭಾಷೆಯನ್ನೇ ಬಗ್ಗಿಸಿಕೊಂಡರು. ನಾಟಿ ಡಾಗ್ ಕಂಪನಿಯ ಆಂಡಿ ಗ್ಯಾವಿನ್ ಪ್ಲೇಸ್ಟೇಷನ್ 2ಕ್ಕಾಗಿ ಗೋಲ್ ಎಂಬ ಲಿಸ್ಪ್ ತಳಿಯನ್ನೇ ಕಟ್ಟಿದರು. ಅದರ ಕಂಪೈಲರ್ ಅಲೆಗ್ರೋ ಕಾಮನ್ ಲಿಸ್ಪ್‌ನಲ್ಲಿ ಬರೆದದ್ದು. ತಯಾರಾದ ಕೋಡ್ ಗಾರ್ಬೇಜ್ ಕಲೆಕ್ಟರ್ ಇಲ್ಲದ ನೇರ ಯಂತ್ರಭಾಷೆ, ಬೇಕೆಂದಲ್ಲಿ ಅಸೆಂಬ್ಲಿ ಕೂಡ. 2001ರಲ್ಲಿ ಬಂದ ಜ್ಯಾಕ್ ಅಂಡ್ ಡ್ಯಾಕ್ಸ್‌ಟರ್ ಆಟ ಅದರಲ್ಲೇ ಬರೆದದ್ದು. ಆಟ ನಡೆಯುತ್ತಿರುವಾಗಲೇ ಕೋಡ್ ಬದಲಿಸಿ ಫಲಿತಾಂಶ ನೋಡಬಹುದಿತ್ತು. ವಿಮಾನ ಟಿಕೆಟ್ ದರ ಹುಡುಕುವ ಐಟಿಎ ಸಾಫ್ಟ್‌ವೇರ್ ಕಾಮನ್ ಲಿಸ್ಪ್‌ನಲ್ಲಿ ಕಟ್ಟಿದ ಎಂಜಿನ್ನಿನಿಂದ ಬೆಳೆಯಿತು. ಗೂಗಲ್ ಅದನ್ನು 70 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2010ರಲ್ಲಿ ಪ್ರಕಟಿಸಿತು.

ಸೋದರ ಭಾಷೆಗಳ ತೀರ್ಮಾನಗಳೂ ಬೇರೆ ಬೇರೆ. ಕೆಂಟ್ ಡಿಬ್ವಿಗ್‌ರ ಷೇ ಸ್ಕೀಮ್‌ನಲ್ಲಿ 0ಯಿಂದ 3ರವರೆಗೆ ಮಟ್ಟಗಳಿದ್ದರೂ 0, 1, 2 ಒಂದೇ. 3 ಎಂದರೆ ಅಸುರಕ್ಷಿತ. ಮಧ್ಯಮ ಮಾರ್ಗದ ನಾಟಕವಿಲ್ಲ, ಇದು ಪ್ರಾಮಾಣಿಕ. ಕ್ಲೋಜರ್ 2011ರ 1.3ನೇ ಆವೃತ್ತಿಯಲ್ಲಿ ದೊಡ್ಡ ಸಂಖ್ಯೆಗೆ ತಾನಾಗಿ ಬಡ್ತಿ ಕೊಡುವುದನ್ನು ಬಿಟ್ಟು, ಮೊತ್ತ ಉಕ್ಕಿದರೆ ದೋಷ ಎಸೆಯುವ ದಾರಿ ಹಿಡಿಯಿತು. ಬಡ್ತಿ ಬೇಕಾದವರಿಗೆ ಬೇರೆ ಕೂಡುವ ಚಿಹ್ನೆ ಉಂಟು, ಪರೀಕ್ಷೆಯೇ ಬೇಡವೆನ್ನುವವರಿಗೆ ಪ್ರತ್ಯೇಕ ಸ್ವಿಚ್.

ಹೆಚ್ಚು ಜನರ ಕೈಗೆ ಈ ಪ್ರಶ್ನೆಯನ್ನು ತಲುಪಿಸಿದ್ದು ಮಾತ್ರ ಒಂದು ಪಠ್ಯ ಸಂಪಾದಕ. ಗ್ನೂ ಈಮ್ಯಾಕ್ಸ್ ದಶಕಗಳಿಂದ ತನ್ನ ಲಿಸ್ಪನ್ನು ಬೈಟ್‌ಕೋಡ್ ಆಗಿ ಓಡಿಸುತ್ತಿತ್ತು. ಆಂಡ್ರಿಯಾ ಕೊರಾಲ್ಲೊ ಜಿಸಿಸಿ ಕಂಪೈಲರ್‌ನ ಲೈಬ್ರರಿಯೊಂದನ್ನು ಬಳಸಿ ಅದನ್ನು ಯಂತ್ರಭಾಷೆಗೆ ಇಳಿಸಿದರು. 2022ರ ಏಪ್ರಿಲ್‌ನ 28.1ನೇ ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಅಲ್ಲಿ ಸವಾಲು ವಿಧಗಳದ್ದಷ್ಟೇ ಅಲ್ಲ. ಈಮ್ಯಾಕ್ಸ್ ಬಳಕೆದಾರರು ಯಾವ ಫಂಕ್ಷನ್ನನ್ನಾದರೂ ಯಾವಾಗಲಾದರೂ ಬದಲಿಸುತ್ತಾರೆ, ಸಿ ಭಾಷೆಯಲ್ಲಿ ಬರೆದ ಮೂಲ ಫಂಕ್ಷನ್‌ಗಳನ್ನೂ ಬಿಡುವುದಿಲ್ಲ. ನೇರ ಜಿಗಿತದ ಆದೇಶ ಬರೆದರೆ ಬದಲಾವಣೆ ಕಾಣದು. ಹೆಸರಿನ ಮೂಲಕ ಹುಡುಕುತ್ತಾ ಹೋದರೆ ವೇಗ ಸಿಗದು. ಕೊರಾಲ್ಲೊ ವೇಗದ ಮಟ್ಟವನ್ನು 2ಕ್ಕೆ ನಿಲ್ಲಿಸಿದರು. ಅಲ್ಲಿ ಲಿಸ್ಪ್‌ನ ಅರ್ಥಕ್ಕೆ ಧಕ್ಕೆಯಿಲ್ಲ. 3ಕ್ಕೆ ಏರಿಸಿದರೆ ಒಂದೇ ಕಡತದ ಫಂಕ್ಷನ್‌ಗಳು ಪರಸ್ಪರ ನೇರವಾಗಿ ಕರೆದುಕೊಳ್ಳಬಹುದು; ಆಗ ಬಳಕೆದಾರ ಮಾಡಿದ ಬದಲಾವಣೆಯನ್ನು ಅವು ಗಮನಿಸದೆ ಹೋಗಬಹುದು.

2025ರಲ್ಲಿ ಬಂದ 30ನೇ ಆವೃತ್ತಿ ಫಂಕ್ಷನ್‌ಗಳಿಗೆ ವಿಧದ ಘೋಷಣೆಯನ್ನೂ ತಂದಿತು, ಜೊತೆಗೆ ಹಳೆಯ ಪ್ರಶ್ನೆಯನ್ನೂ: ಘೋಷಣೆ ಸುಳ್ಳಾದರೆ? ಅದಕ್ಕೆಂದೇ ಸೇಫ್ಟಿಯ ತಿರುಪೊಂದು ಸೇರಿತು. 1 ಎಂದರೆ ಸುಳ್ಳು ಘೋಷಣೆಯಿಂದ ಕೋಡ್ ಕೆಡದು. 0 ಎಂದರೆ ಈಮ್ಯಾಕ್ಸ್ ಕುಸಿಯಲೂಬಹುದು.

ಎಸ್‌ಬಿಸಿಎಲ್ ಬಳಸುವವರು ಇಂದೇ ಮಾಡಬಹುದಾದ ಕೆಲಸವೊಂದಿದೆ. ರಿಸ್ಟ್ರಿಕ್ಟ್-ಕಂಪೈಲರ್-ಪಾಲಿಸಿ ಎಂಬ ಫಂಕ್ಷನ್‌ಗೆ ಸೇಫ್ಟಿಯ ಕನಿಷ್ಠ ಮಟ್ಟ 3 ಎಂದು ಒಮ್ಮೆ ಹೇಳಿದರೆ, ಆನಂತರ ಕಂಪೈಲ್ ಆಗುವ ಯಾವ ಲೈಬ್ರರಿ ಸೇಫ್ಟಿ 0 ಎಂದು ಬರೆದುಕೊಂಡಿದ್ದರೂ ಅದು ಜಾರಿಗೆ ಬರುವುದಿಲ್ಲ. ನಿಮ್ಮ ಪ್ರೋಗ್ರಾಮನ್ನು, ಅದು ಅವಲಂಬಿಸಿದ ಎಲ್ಲವನ್ನೂ ಹೀಗೆ ಮತ್ತೆ ಕಂಪೈಲ್ ಮಾಡಿ ಪರೀಕ್ಷೆಗಳನ್ನು ಓಡಿಸಿ. ಇದುವರೆಗೆ ಅಡಗಿದ್ದ ಸುಳ್ಳು ಘೋಷಣೆಗಳು ಓಡಿದ ದಾರಿಯಲ್ಲಿದ್ದರೆ ಹೊರಬೀಳುತ್ತವೆ. ನಂತರ ಆ ಕನಿಷ್ಠ ಮಿತಿಯನ್ನು ತೆಗೆದು, ಸಮಯ ಅಳೆದು, ನಿಜವಾಗಿ ನಿಧಾನವಾದ ಫಂಕ್ಷನ್ ಯಾವುದೆಂದು ಕಂಡಮೇಲೆ, ಅದರೊಳಗಿನ ನಾಲ್ಕು ಸಾಲಿಗೆ ಬೇಕಿದ್ದರೆ ಕಾವಲು ತೆಗೆಯಿರಿ.